ದೊಡ್ಡಪ್ಪನ ಹಾಡುಗಳು ಮತ್ತು ತೆರೆಯದ ಮೂರು ಫೋಲ್ಡರ್‌ಗಳು: ಒಂದು ಪ್ರಕರಣ ಅಧ್ಯಯನ

ಕಳೆದ ಮುಂಗಾರಿಗೆ ಮೊದಲಿನ ಗುಡುಗಿನ ಒಂದು ಸಂಜೆ ಸಾಗರದ ದೊಡ್ಡಮ್ಮನ ಮನೆಯ ಹಳೆಯ ಕಂಪ್ಯೂಟರ್ ಸಿಡಿಲಿಗೆ ಸುಟ್ಟಿತು. ಮದರ್‌ಬೋರ್ಡ್ ಹೋಗಿತ್ತು, ಹಾರ್ಡ್ ಡಿಸ್ಕ್ ಉಳಿದಿತ್ತು. ಅದು ದೊಡ್ಡಪ್ಪ ಬಳಸುತ್ತಿದ್ದ ಯಂತ್ರ. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಅವರು ನಿವೃತ್ತಿಯ ನಂತರ ಸುತ್ತಲ ಹಳ್ಳಿಗಳ ಹೆಂಗಸರಿಂದ ಹಸೆ ಹಾಡು, ಸೋಬಾನೆ ಪದಗಳನ್ನು ಹಾಡಿಸಿ ಧ್ವನಿಮುದ್ರಿಸಿಕೊಂಡಿದ್ದರು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಹಾಡಿದವರಲ್ಲಿಯೂ ಹಲವರು ಈಗಿಲ್ಲ. ಆ ಧ್ವನಿಗಳ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ದೊಡ್ಡಪ್ಪನ ಮಗ, ಹೊಸ ಲ್ಯಾಪ್‌ಟಾಪ್ ತಂದುಕೊಟ್ಟ. ಹಳೆಯ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿ ಪೆಟ್ಟಿಗೆಯಲ್ಲಿ ಕೂರಿಸಿ ಲ್ಯಾಪ್‌ಟಾಪಿಗೆ ಜೋಡಿಸಿದ. ಡಿಸ್ಕ್ ಕಾಣಿಸಿತು, ಫೋಲ್ಡರ್‌ಗಳ ಹೆಸರುಗಳೂ ಕಾಣಿಸಿದವು, ತೆರೆಯಲು ಹೋದರೆ ಅನುಮತಿ ಇಲ್ಲ ಎಂದಿತು. ಎರಡು ರಾತ್ರಿ ಹೆಣಗಾಡಿದ ಮೇಲೆ ಪೇಟೆಯ ಒಂದು ಅಂಗಡಿಗೆ ಒಯ್ದು ಕೇಳಿದಾಗ, ಇದು ಲಾಕ್ ಆಗಿದೆ, ಫಾರ್ಮ್ಯಾಟ್ ಮಾಡಿ, ಅಂದರೆ ಇರುವುದನ್ನೆಲ್ಲ ಅಳಿಸಿ, ಬಳಸಿಕೊಳ್ಳಿ ಎಂಬ ಉತ್ತರ ಬಂತು. ದೊಡ್ಡಮ್ಮ ಒಪ್ಪಲಿಲ್ಲ. "ಹಾಡು ಸಿಕ್ಕಿದರೆ ಸಾಕು, ಉಳಿದದ್ದು ಹೋದರೆ ಹೋಗಲಿ. ನೀನು ಬಂದು ಒಮ್ಮೆ ನೋಡು" ಎಂದು ನನಗೆ ಫೋನ್ ಮಾಡಿದರು.

ಅವರು ಒಪ್ಪದೇ ಇದ್ದದ್ದರಿಂದಲೇ ಈ ಬರಹ ಸಾಧ್ಯವಾಗಿದೆ. ಅನುಮತಿ ಇಲ್ಲ ಎನ್ನುವುದಕ್ಕೂ ಕಡತ ಹಾಳಾಗಿದೆ ಎನ್ನುವುದಕ್ಕೂ ಸಂಬಂಧವೇ ಇಲ್ಲ. ಅನುಮತಿ ಇಲ್ಲ ಎಂದು ಡಿಸ್ಕ್ ಹೇಳುತ್ತಿದೆ ಎಂದರೆ, ಒಳಗಿನ ಪಟ್ಟಿಗಳನ್ನು ಓದಿ ನೋಡಿ ಹೇಳುವಷ್ಟು ಅದು ಗಟ್ಟಿಯಾಗಿದೆ ಎಂದರ್ಥ. ಫಾರ್ಮ್ಯಾಟ್ ಎಂಬ ಮಾತು ಅಲ್ಲಿ ಬರಲೇಬಾರದಿತ್ತು.

ಹೋದಾಗ ಕಂಡದ್ದು

ಹಳೆಯ ಯಂತ್ರದಲ್ಲಿದ್ದದ್ದು ವಿಂಡೋಸ್ 7 ಹೋಮ್ ಪ್ರೀಮಿಯಂ. ಹೊಸದರಲ್ಲಿ ವಿಂಡೋಸ್ 11. ಡಿಸ್ಕ್ ಜೋಡಿಸಿದಾಗ ಮೂರು ಡ್ರೈವ್‌ಗಳು ಬಂದವು: ವಿಂಡೋಸ್ ತನಗಾಗಿ ಇಟ್ಟುಕೊಳ್ಳುವ 100 ಎಂಬಿಯ ಪುಟ್ಟ ಭಾಗ ಇ ಆಗಿತ್ತು, ಹಳೆಯ ಸಿ ಈಗ ಎಫ್ ಆಗಿತ್ತು, ಹಳೆಯ ಡಿ ಈಗ ಜಿ ಆಗಿತ್ತು. ಇದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡೆ. ಅನುಮತಿಯ ಕೆಲಸದಲ್ಲಿ ಒಂದು ಅಕ್ಷರ ತಪ್ಪಾಗಿ ಒತ್ತಿದರೆ ಪೆಟ್ಟು ಬೀಳುವುದು ಚಾಲನೆಯಲ್ಲಿರುವ ಹೊಸ ಲ್ಯಾಪ್‌ಟಾಪಿನ ಸಿ ಡ್ರೈವಿಗೆ.

ಅಣ್ಣ ಅಷ್ಟರಲ್ಲಿ ಮಾಡಿದ್ದನ್ನೆಲ್ಲ ಒಂದೊಂದಾಗಿ ಕೇಳಿದೆ. ದೊಡ್ಡಪ್ಪನ ಹೆಸರಿನಲ್ಲಿಯೇ, ಅದೇ ಪಾಸ್‌ವರ್ಡ್ ಇಟ್ಟು ಹೊಸ ಖಾತೆ ತೆರೆದಿದ್ದ. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ರೀಡ್ ಓನ್ಲಿ ಎಂಬ ಗುರುತನ್ನು ತೆಗೆದಿದ್ದ, ಅದು ಮತ್ತೆ ಬಂದು ಕೂತಿತ್ತು, ಮತ್ತೆ ತೆಗೆದಿದ್ದ. ದೊಡ್ಡಪ್ಪನ ಖಾತೆಯ ಫೋಲ್ಡರ್ ತೆರೆಯುವಾಗ ಬಂದ ಕಂಟಿನ್ಯೂ ಗುಂಡಿಯನ್ನು ಒತ್ತಿದ್ದ. ಹಸಿರು ಪಟ್ಟಿ ಅರ್ಧ ಗಂಟೆ ತೆವಳಿತಂತೆ, ಬೇಸತ್ತು ಕೇಬಲ್ ಕಿತ್ತಿದ್ದ.

ಈ ಪ್ರಯತ್ನಗಳು ಯಾರಿಗಾದರೂ ಮೊದಲು ಹೊಳೆಯುವಂಥವೇ. ಅವು ಏಕೆ ಫಲಿಸಲಿಲ್ಲ ಎಂಬುದರಲ್ಲಿಯೇ ಈ ಪ್ರಕರಣದ ಅರ್ಧ ಭಾಗ ಅಡಗಿದೆ.

ವಿಂಡೋಸ್ ಕಡತಗಳನ್ನು ಜೋಡಿಸಿಡುವ ಎನ್‌ಟಿಎಫ್‌ಎಸ್ ಎಂಬ ಮಾದರಿಯ ಡಿಸ್ಕಿನಲ್ಲಿ ಪ್ರತಿ ಫೋಲ್ಡರಿಗೂ, ಪ್ರತಿ ಕಡತಕ್ಕೂ ಒಂದು ಪಟ್ಟಿ ಅಂಟಿಕೊಂಡಿರುತ್ತದೆ. ಯಾರು ಓದಬಹುದು, ಯಾರು ತಿದ್ದಬಹುದು, ಯಾರಿಗೆ ಏನೂ ಇಲ್ಲ ಎಂಬುದು ಅದರಲ್ಲಿರುತ್ತದೆ. ಈ ವ್ಯವಸ್ಥೆ 1993ರ ವಿಂಡೋಸ್ ಎನ್‌ಟಿಯ ಕಾಲದಿಂದಲೂ ಇದೆ. ಆದರೆ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ, ಸಂಖ್ಯೆ ಇರುತ್ತದೆ. ಎಸ್-1-5-21 ಎಂದು ಶುರುವಾಗಿ, ನಡುವೆ ಆ ಯಂತ್ರಕ್ಕೇ ಸೇರಿದ ಉದ್ದದ ಅಂಕಿಗಳಿದ್ದು, ಕೊನೆಯಲ್ಲಿ ಬಳಕೆದಾರನ ಅಂಕಿ. ದೊಡ್ಡಪ್ಪನ ಖಾತೆಯದು 1000 ಎಂದು ಮುಗಿಯುತ್ತಿತ್ತು. ಹೆಸರೂ ಪಾಸ್‌ವರ್ಡೂ ಒಂದೇ ಆದರೂ ಹೊಸ ಯಂತ್ರ ಕೊಡುವ ಸಂಖ್ಯೆ ಬೇರೆಯೇ. ಸೆಕ್ಯುರಿಟಿ ಪುಟದಲ್ಲಿ ಅಪರಿಚಿತ ಖಾತೆ ಎಂಬುದರ ಮುಂದೆ ಆ ಉದ್ದನೆಯ ಸಂಖ್ಯೆ ಮಾತ್ರ ಕಾಣುತ್ತಿದ್ದದ್ದು ಇದಕ್ಕೇ. ಆ ಸಂಖ್ಯೆಗೆ ಹೆಸರು ಹೇಳಬಲ್ಲ ಯಂತ್ರ ಸುಟ್ಟುಹೋಗಿತ್ತು.

ರೀಡ್ ಓನ್ಲಿ ಗುರುತಿನ ವಿಷಯ ಇನ್ನೂ ಸರಳ. ಫೋಲ್ಡರ್‌ಗಳ ಮಟ್ಟಿಗೆ ಅದು ಅನುಮತಿಯೇ ಅಲ್ಲ. ಫೋಲ್ಡರಿಗೆ ವಿಶೇಷ ಚಿತ್ರ ಅಥವಾ ನೋಟ ಇದೆಯೇ ಎಂದು ತಿಳಿಯಲು ವಿಂಡೋಸ್ ಅದನ್ನು ಬಳಸಿಕೊಳ್ಳುತ್ತದೆ. ಅದರ ಚೌಕ ತುಂಬಿದಂತೆ ಕಾಣುವುದು ಎಲ್ಲ ಫೋಲ್ಡರ್‌ಗಳಲ್ಲಿಯೂ ಸಹಜ. ಎಷ್ಟು ಜನ ಎಷ್ಟು ಗಂಟೆಗಳನ್ನು ಆ ಚೌಕದ ಮೇಲೆ ಕಳೆದಿದ್ದಾರೋ ಎಂದು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕಂಟಿನ್ಯೂ ಗುಂಡಿ ಮಾತ್ರ ನಿಜವಾಗಿಯೂ ಕೆಲಸ ಮಾಡುತ್ತದೆ. ಈಗ ಕೂತಿರುವ ಬಳಕೆದಾರನ ಸಂಖ್ಯೆಯನ್ನು ಆ ಫೋಲ್ಡರಿನ ಪಟ್ಟಿಗೆ ಶಾಶ್ವತವಾಗಿ ಸೇರಿಸಿ, ಕೆಳಗಿನ ಪ್ರತಿ ಕಡತದವರೆಗೆ ಅದನ್ನು ಇಳಿಸುತ್ತಾ ಹೋಗುತ್ತದೆ. ಸಾವಿರಾರು ಕಡತಗಳಿದ್ದರೆ ತಡವಾಗುವುದು ಸಹಜ. ಮಧ್ಯೆ ಕೇಬಲ್ ಕಿತ್ತದ್ದರಿಂದ ಕೆಲವು ಫೋಲ್ಡರ್‌ಗಳು ತೆರೆಯುತ್ತಿದ್ದವು, ಪಕ್ಕದವು ತೆರೆಯುತ್ತಿರಲಿಲ್ಲ. ಡಿಸ್ಕಿಗೆ ಹುಚ್ಚು ಹಿಡಿದಿದೆ ಎಂದು ಅಣ್ಣನಿಗೆ ಅನ್ನಿಸಿದ್ದು ಅದನ್ನು ನೋಡಿಯೇ.

ಮೂರು ಸಂದೇಶ, ಮೂರು ಕಾರಣ

ನಾನು ಏನನ್ನೂ ಬದಲಿಸದೆ, ಒಂದೊಂದು ಫೋಲ್ಡರನ್ನೂ ತೆರೆಯಲು ಹೋಗಿ, ಬಂದ ಸಂದೇಶವನ್ನು ಪದಶಃ ಬರೆದುಕೊಂಡೆ. ಇಂಥ ಸಂದರ್ಭದಲ್ಲಿ ಎಲ್ಲರೂ ಅವಸರದಲ್ಲಿ ಹಾರಿಸಿಬಿಡುವ ಹೆಜ್ಜೆ ಇದೇ. ತೆರೆಯಲಿಲ್ಲ ಎಂದಷ್ಟೇ ನೆನಪಿಡುತ್ತೇವೆ, ಏನೆಂದು ಹೇಳಿ ತೆರೆಯಲಿಲ್ಲ ಎಂಬುದನ್ನು ಮರೆಯುತ್ತೇವೆ. ಇಲ್ಲಿ ಮೂರು ಬೇರೆ ಬೇರೆ ಮಾತುಗಳಿದ್ದವು.

ಎಫ್ ಡ್ರೈವಿನಲ್ಲಿ ದೊಡ್ಡಪ್ಪನ ಖಾತೆಯೊಳಗೆ ಇನ್ನೂ ಮುಚ್ಚಿದ್ದ ಫೋಲ್ಡರ್‌ಗಳು, ಸದ್ಯ ನಿಮಗೆ ಅನುಮತಿ ಇಲ್ಲ, ಶಾಶ್ವತ ಅನುಮತಿಗೆ ಕಂಟಿನ್ಯೂ ಒತ್ತಿ ಎಂದವು. ಡಾಕ್ಯುಮೆಂಟ್ಸ್ ಒಳಗೆ ಮಸುಕಾಗಿ ಕಾಣುತ್ತಿದ್ದ ಮೈ ಮ್ಯೂಸಿಕ್ ಎಂಬ ಫೋಲ್ಡರ್, ಈ ಜಾಗ ಲಭ್ಯವಿಲ್ಲ, ಪ್ರವೇಶ ನಿರಾಕರಿಸಲಾಗಿದೆ ಎಂದಿತು. ಕಂಟಿನ್ಯೂ ಎಂಬ ಅವಕಾಶವನ್ನೇ ಕೊಡಲಿಲ್ಲ. ಜಿ ಡ್ರೈವಿನಲ್ಲಿ ಹಾಡು ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಫೋಲ್ಡರ್ ಮೊದಲು ಕಂಟಿನ್ಯೂ ಎಂದಿತು. ಒತ್ತಿದರೆ, ನಿಮಗೆ ಪ್ರವೇಶ ನಿರಾಕರಿಸಲಾಗಿದೆ, ಸೆಕ್ಯುರಿಟಿ ಪುಟಕ್ಕೆ ಹೋಗಿ ಎಂದಿತು. ಸೆಕ್ಯುರಿಟಿ ಪುಟವೋ, ಪಟ್ಟಿಯನ್ನು ನೋಡಲು ಸಹ ನಿಮಗೆ ಅನುಮತಿ ಬೇಕು ಎಂದು ಬಾಗಿಲು ಹಾಕಿತು.

ಅಣ್ಣ ಎರಡು ರಾತ್ರಿ ಗುದ್ದಾಡಿದ್ದು ಮೈ ಮ್ಯೂಸಿಕ್ ಜೊತೆ. ಅಡಗಿಸಿಟ್ಟ ಕಡತಗಳೂ ಕಾಣಲಿ ಎಂದು ಅವನು ಗುರುತು ಹಾಕಿದ್ದರಿಂದ ಅದು ಕಣ್ಣಿಗೆ ಬಿದ್ದಿತ್ತು. ಹೆಸರಿನಲ್ಲಿಯೇ ಸಂಗೀತ ಇದೆ, ಬಾಗಿಲು ಬಿಗಿಯಾಗಿ ಹಾಕಿದೆ, ಹಾಡುಗಳು ಇಲ್ಲಿಯೇ ಇರಬೇಕು ಎಂದು ಅವನು ನಂಬಿದ. ಅದು ಕೋಣೆಯಲ್ಲ, ಕೈಮರ. ವಿಂಡೋಸ್ ಎಕ್ಸ್‌ಪಿಯ ಕಾಲದ ತಂತ್ರಾಂಶಗಳು ಹಳೆಯ ಹೆಸರಿನ ಜಾಗವನ್ನು ಹುಡುಕಿಕೊಂಡು ಬಂದರೆ ಹೊಸ ಜಾಗಕ್ಕೆ ಕಳಿಸಲು, ಎಕ್ಸ್‌ಪಿಯ ನಂತರ ಬಂದ ವಿಂಡೋಸ್ ವಿಸ್ಟಾದಿಂದ ಮುಂದೆ ಇಂಥ ಕೈಮರಗಳನ್ನು ನೆಟ್ಟಿದ್ದಾರೆ. ಒಳಗೇನಿದೆ ಎಂದು ಯಾರೂ ಪಟ್ಟಿ ಮಾಡದಂತೆ ಎಲ್ಲರಿಗೂ ನಿರಾಕರಣೆಯನ್ನು ಬೇಕೆಂದೇ ಹಾಕಿರುತ್ತಾರೆ. ಆದೇಶಗಳನ್ನು ಬರೆದು ಕೊಡುವ ಕಮಾಂಡ್ ಕಿಟಕಿಯಲ್ಲಿ, ಒಳಗಿನ ಪಟ್ಟಿ ಕೇಳುವ ಡಿಐಆರ್ ಎಂಬ ಆದೇಶದ ಜೊತೆಗೆ ಸ್ಲ್ಯಾಶ್ ಎಎಲ್ ಕೊಟ್ಟಾಗ ಮೈ ಮ್ಯೂಸಿಕ್ ಮುಂದೆ ಜಂಕ್ಷನ್ ಎಂದೂ, ಅದು ತೋರಿಸುವ ದಾರಿಯೂ ಬಂತು. ಆ ದಾರಿ ಶುರುವಾಗುತ್ತಿದ್ದದ್ದು ಸಿ ಡ್ರೈವಿನಿಂದ. ಹಳೆಯ ಯಂತ್ರದಲ್ಲಿ ಅದು ಸರಿಯೇ. ಈಗ ಸಿ ಎಂದರೆ ಹೊಸ ಲ್ಯಾಪ್‌ಟಾಪ್! ಆ ಬಾಗಿಲನ್ನು ಹೇಗೋ ಒಡೆದಿದ್ದರೂ ಅವನು ತಲುಪುತ್ತಿದ್ದದ್ದು ತಾನು ಕೂತ ಯಂತ್ರಕ್ಕೇ.

ಹಾಗಾಗಿ ಮೈ ಮ್ಯೂಸಿಕ್ ವಿಷಯ ಅಲ್ಲಿಗೆ ಮುಗಿಯಿತು. ಅಲ್ಲಿ ಪಡೆಯಲು ಏನೂ ಇರಲಿಲ್ಲ.

ಸೊಂಟದಲ್ಲಿಯೇ ಇದ್ದ ಬೀಗದ ಕೈ

ಮೊದಲ ಬಗೆಯ ಫೋಲ್ಡರ್‌ಗಳಿಗೆ ಬರೋಣ. ವಿಂಡೋಸ್‌ನಲ್ಲಿ ಪ್ರತಿ ಬಳಕೆದಾರನ ಫೋಲ್ಡರಿಗೆ ಸಾಮಾನ್ಯವಾಗಿ ಮೂವರಿಗೆ ಪೂರ್ಣ ಅಧಿಕಾರ ಇರುತ್ತದೆ: ಆ ಬಳಕೆದಾರ, ಸಿಸ್ಟಂ ಎಂಬ ಹೆಸರಿನಲ್ಲಿ ವಿಂಡೋಸ್ ತಾನೇ, ಮತ್ತು ಯಂತ್ರದ ಮೇಲ್ವಿಚಾರಕರಾದ ಅಡ್ಮಿನಿಸ್ಟ್ರೇಟರ್ಸ್ ಎಂಬ ಗುಂಪು. ಬಳಕೆದಾರರ ಸಂಖ್ಯೆ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ, ಅಡ್ಮಿನಿಸ್ಟ್ರೇಟರ್ಸ್ ಗುಂಪಿನ ಸಂಖ್ಯೆ ಬದಲಾಗುವುದಿಲ್ಲ. ಎಸ್-1-5-32-544 ಎಂಬ ಆ ಸಂಖ್ಯೆ ಜಗತ್ತಿನ ಎಲ್ಲ ವಿಂಡೋಸ್ ಯಂತ್ರಗಳಲ್ಲಿಯೂ ಒಂದೇ. ಅಂದರೆ ದೊಡ್ಡಪ್ಪನ ಡಿಸ್ಕಿನ ಪಟ್ಟಿಯಲ್ಲಿ ಹೊಸ ಲ್ಯಾಪ್‌ಟಾಪಿನ ಅಡ್ಮಿನಿಸ್ಟ್ರೇಟರಿಗೆ ಆಗಲೇ ಜಾಗ ಇತ್ತು.

ಮತ್ತೆ ಅಣ್ಣ ಅಡ್ಮಿನಿಸ್ಟ್ರೇಟರ್ ಆಗಿದ್ದರೂ ಏಕೆ ತೆರೆಯಲಿಲ್ಲ? ವಿಸ್ಟಾದ ನಂತರ ಅಡ್ಮಿನಿಸ್ಟ್ರೇಟರ್ ಖಾತೆಯವರೂ ದಿನನಿತ್ಯದ ಕೆಲಸವನ್ನು ಸಾಮಾನ್ಯ ಬಳಕೆದಾರರ ಅಧಿಕಾರದಲ್ಲಿಯೇ ಮಾಡುತ್ತಾರೆ. ರನ್ ಆಸ್ ಅಡ್ಮಿನಿಸ್ಟ್ರೇಟರ್ ಎಂದು ಕೇಳಿ ತೆರೆದ ಕಿಟಕಿಯಲ್ಲಿ ಮಾತ್ರ ಪೂರ್ಣ ಅಧಿಕಾರ ಸಿಗುತ್ತದೆ. ಕಡತಗಳನ್ನು ನೋಡುವ ಎಕ್ಸ್‌ಪ್ಲೋರರ್ ಹಾಗೆ ತೆರೆದುಕೊಂಡಿರುವುದಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಂತೆ ಆಗಿತ್ತು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಡಿಐಆರ್ ಎಂದು ಬರೆದ ಕೂಡಲೇ, ಎಕ್ಸ್‌ಪ್ಲೋರರ್‌ನಲ್ಲಿ ತೆರೆಯದಿದ್ದ ಫೋಲ್ಡರಿನ ಕಡತಗಳೆಲ್ಲ ಸಾಲಾಗಿ ಬಂದವು. ಒಂದು ಅನುಮತಿಯನ್ನೂ ಬದಲಿಸಬೇಕಾಗಲಿಲ್ಲ. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಾಗಿದರು.

ಅನುಮತಿ ಬದಲಿಸುವುದಕ್ಕಿಂತ ಮೊದಲು ನಕಲು ತೆಗೆಯಬೇಕು ಎಂಬುದು ನಾನು ಬಿಡದ ನಿಯಮ. ಹಳೆಯ ಡಿಸ್ಕಿನ ಅನುಮತಿ ಬದಲಿಸುವುದೆಂದರೆ ಅದರ ಮೇಲೆ ಸಾವಿರಾರು ಸಲ ಬರೆಯುವುದು. ಹತ್ತು ವರ್ಷ ದುಡಿದ, ಸಿಡಿಲು ಕಂಡ ಡಿಸ್ಕಿಗೆ ಆ ಶ್ರಮ ಕೊಡಬಾರದು. ಅದರಿಂದ ಓದಿಕೊಳ್ಳಬೇಕು ಅಷ್ಟೆ. ನಕಲು ಮಾಡಿದ ಕಡತ ಹೊಸ ಜಾಗದ ಅನುಮತಿಯನ್ನು ತಾನಾಗಿಯೇ ಪಡೆಯುತ್ತದೆ, ಆದ್ದರಿಂದ ಹಳೆಯ ಪಟ್ಟಿಯನ್ನು ತಿದ್ದುವ ಅಗತ್ಯವೂ ಇರುವುದಿಲ್ಲ.

ಇದಕ್ಕೆ ವಿಂಡೋಸ್ ಜೊತೆಗೇ ಬರುವ, ನಕಲು ಮಾಡುವ ರೋಬೋಕಾಪಿ ಎಂಬ ಆದೇಶ ಸಾಕು. ನಾನು ಕೊಟ್ಟ ಸೂಚನೆಗಳಲ್ಲಿ ಮುಖ್ಯವಾದವು ನಾಲ್ಕು. ಸ್ಲ್ಯಾಶ್ ಇ ಎಂದರೆ ಒಳಗಿನ ಫೋಲ್ಡರ್‌ಗಳನ್ನೂ ಸೇರಿಸಿಕೊಳ್ಳುವುದು. ಸ್ಲ್ಯಾಶ್ ಎಕ್ಸ್‌ಜೆ ಎಂದರೆ ಕೈಮರಗಳನ್ನು ಬಿಟ್ಟು ಹೋಗುವುದು. ಸ್ಲ್ಯಾಶ್ ಆರ್ ಮತ್ತು ಡಬ್ಲ್ಯೂ ಎರಡಕ್ಕೂ 1 ಎಂದು ಕೊಡಲೇಬೇಕು. ಕೊಡದಿದ್ದರೆ ಒಂದು ಕಡತ ಓದಲಾಗದೇ ಹೋದಾಗ ರೋಬೋಕಾಪಿ 30 ಸೆಕೆಂಡಿಗೊಮ್ಮೆ, ಹತ್ತು ಲಕ್ಷ ಸಲ ಮರುಪ್ರಯತ್ನ ಮಾಡುತ್ತದೆ. ಕಂಪ್ಯೂಟರ್ ನಿಂತುಹೋಗಿದೆ ಎಂದು ನಾವು ಗಾಬರಿಯಾಗುತ್ತೇವೆ. ನಾಲ್ಕನೆಯದು ಸ್ಲ್ಯಾಶ್ ಎಲ್: ಏನನ್ನೂ ನಕಲು ಮಾಡದೆ, ಏನೇನು ಮಾಡುತ್ತೇನೆ ಎಂಬ ಪಟ್ಟಿಯನ್ನು ಮಾತ್ರ ತೋರಿಸುತ್ತದೆ. ಮೊದಲು ಅದರೊಂದಿಗೆ ಓಡಿಸಿ, ಪಟ್ಟಿಯನ್ನು ಓದಿ, ಎಫ್ ಎಲ್ಲಿದೆ ಸಿ ಎಲ್ಲಿದೆ ಎಂದು ಬೆರಳಿಟ್ಟು ನೋಡಿ, ನಂತರ ಸ್ಲ್ಯಾಶ್ ಎಲ್ ತೆಗೆದು ನಿಜವಾಗಿ ಓಡಿಸಿದೆ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಎಲ್ಲವೂ ಬಂದವು.

ಎಲ್ಲರಿಗೂ ಇಲ್ಲ ಎಂದರೆ

ಉಳಿದದ್ದು ಹಾಡು ಫೋಲ್ಡರ್. ಅಡ್ಮಿನಿಸ್ಟ್ರೇಟರ್ ಆಗಿ ಕೇಳಿದರೂ ಡಿಐಆರ್ ಒಪ್ಪಲಿಲ್ಲ. ಎರಡು ಸಾಧ್ಯತೆಗಳು ನನ್ನ ಮುಂದಿದ್ದವು. ಒಂದು, ಗೂಢಲಿಪೀಕರಣ, ಅಂದರೆ ಕೀಲಿ ಇಲ್ಲದೆ ಓದಲಾಗದಂತೆ ಕಡತದ ಒಳಗನ್ನೇ ಬದಲಿಸಿಡುವುದು. ಇಎಫ್‌ಎಸ್ ಎಂಬ ವಿಧಾನದಲ್ಲಿ ಬೀಗ ಹಾಕಿದ್ದರೆ ಅನುಮತಿ ಎಷ್ಟಿದ್ದರೂ ಉಪಯೋಗವಿಲ್ಲ, ಹಳೆಯ ಖಾತೆಯ ಪ್ರಮಾಣಪತ್ರವೇ ಬೇಕು. ಆದರೆ ವಿಂಡೋಸ್ 7ರ ಹೋಮ್ ಪ್ರೀಮಿಯಂ ಆವೃತ್ತಿಯಲ್ಲಿ ಇಎಫ್‌ಎಸ್‌ನಿಂದ ಬೀಗ ಹಾಕುವ ಸೌಲಭ್ಯ ಇರಲಿಲ್ಲ. ಆ ಭಯ ಹೋಯಿತು. ಎರಡನೆಯದು ನಿರಾಕರಣೆಯ ಸಾಲು, ಅಂದರೆ ಪಟ್ಟಿಯಲ್ಲಿ ಡಿನೈ ಎಂದು ಬರೆದಿರುವುದು.

ಆಗ ದೊಡ್ಡಮ್ಮನಿಗೆ ಒಂದು ವಿಷಯ ನೆನಪಾಯಿತು. ಮೊಮ್ಮಗ ರಜೆಗೆ ಬಂದಾಗ ಆಟವಾಡುತ್ತಾ ಒಂದೆರಡು ಹಾಡುಗಳನ್ನು ಅಳಿಸಿದ್ದನಂತೆ. "ಇನ್ನು ಯಾರ ಕೈಯೂ ತಾಗದ ಹಾಗೆ ಮಾಡುತ್ತೇನೆ" ಎಂದು ದೊಡ್ಡಪ್ಪ ಒಂದು ಮಧ್ಯಾಹ್ನ ಕೂತು ಏನೋ ಮಾಡಿದ್ದರಂತೆ. ಆಮೇಲೆ ಕೆಲವು ದಿನ "ನನಗೇ ತೆರೆಯುತ್ತಿಲ್ಲವಲ್ಲ" ಎನ್ನುತ್ತಿದ್ದರು, ಅಷ್ಟರಲ್ಲಿ ಆಸ್ಪತ್ರೆಯ ಓಡಾಟ ಶುರುವಾಯಿತು.

ಇದನ್ನು ಕೇಳಿದ ಮೇಲೆ ಅನುಮಾನ ಉಳಿಯಲಿಲ್ಲ. ಎವರಿವನ್ ಎಂಬ ಹೆಸರನ್ನು ಆರಿಸಿ ಡಿನೈ ಎಂಬಲ್ಲಿ ಗುರುತು ಹಾಕಿದ್ದಾರೆ. ಎವರಿವನ್ ಎಂದರೆ ಉಳಿದವರೆಲ್ಲ ಎಂದು ಅವರು ತಿಳಿದಿದ್ದರು. ಅದರಲ್ಲಿ ಹಾಕಿದವರೂ ಸೇರುತ್ತಾರೆ. ಒಂದೇ ಫೋಲ್ಡರಿನ ಮೇಲೆ ನೇರವಾಗಿ ಹಾಕಿದ ನಿರಾಕರಣೆ ಅದೇ ಫೋಲ್ಡರಿನ ಅನುಮತಿಗಿಂತ ಮೊದಲು ನಿಲ್ಲುತ್ತದೆ. ಪೂರ್ಣ ಅಧಿಕಾರ ಎಂಬ ಸಾಲು ಕೆಳಗಿದ್ದರೂ ವಿಂಡೋಸ್ ಅಲ್ಲಿಯವರೆಗೆ ಓದುವುದೇ ಇಲ್ಲ.

ಈ ಬಾಗಿಲಿಗೂ ಒಂದು ದಾರಿ ಇದೆ, ಅದೂ ಒಡೆಯದೆ. ಅಡ್ಮಿನಿಸ್ಟ್ರೇಟರಿಗೆ ಬ್ಯಾಕಪ್ ತೆಗೆಯುವ ವಿಶೇಷ ಹಕ್ಕಿದೆ. ಬ್ಯಾಕಪ್ ತೆಗೆಯುವವನು ಎಲ್ಲರ ಕಡತಗಳನ್ನೂ ಓದಬೇಕಾಗುವುದರಿಂದ ಆ ಹಕ್ಕಿನಲ್ಲಿ ಓದುವಾಗ ಅನುಮತಿಯ ಪಟ್ಟಿಯನ್ನು ಕೇಳುವುದಿಲ್ಲ. ರೋಬೋಕಾಪಿಗೆ ಸ್ಲ್ಯಾಶ್ ಬಿ ಎಂದು ಸೇರಿಸಿದರೆ ಅದು ಆ ಹಕ್ಕನ್ನು ಬಳಸುತ್ತದೆ. ಹಾಗೆಯೇ ಮಾಡಿದೆ. ಮೊದಲು ಸ್ಲ್ಯಾಶ್ ಎಲ್ ಜೊತೆ. ಪರದೆಯ ಮೇಲೆ ಊರುಗಳ ಹೆಸರಿನ ಫೋಲ್ಡರ್‌ಗಳು, ಅವುಗಳೊಳಗೆ ಹಾಡಿದವರ ಹೆಸರು ಮತ್ತು ತಾರೀಖು ಇರುವ ಕಡತಗಳು ಇಳಿಯತೊಡಗಿದವು. ಒಟ್ಟು 61. ನಕಲು ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ.

ನಕಲು ಭದ್ರವಾದ ಮೇಲೆ, ನನ್ನ ಊಹೆ ಸರಿಯೇ ಎಂದು ತಿಳಿಯಲು ಹಳೆಯ ಡಿಸ್ಕಿನ ಆ ಒಂದು ಫೋಲ್ಡರಿನ ಮೇಲೆ ಮಾತ್ರ, ಒಡೆತನ ವಹಿಸಿಕೊಳ್ಳುವ ಟೇಕ್‌ಓನ್ ಎಂಬ ಆದೇಶವನ್ನು ಬಳಸಿದೆ. ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ಪಹಣಿಯಲ್ಲಿ ಮಾಲೀಕರ ಕಾಲಂ ಬೇರೆ, ಸಾಗುವಳಿದಾರರ ಕಾಲಂ ಬೇರೆ ಇರುವಂತೆ, ಫೋಲ್ಡರಿಗೂ ಒಡೆತನ ಬೇರೆ, ಅನುಮತಿ ಬೇರೆ. ಒಡೆಯನಾದ ಮಾತ್ರಕ್ಕೆ ಒಳಗೆ ಹೋಗಲಾಗುವುದಿಲ್ಲ. ಆದರೆ ಪಟ್ಟಿಯನ್ನು ಓದುವ, ತಿದ್ದುವ ಹಕ್ಕು ಒಡೆಯನಿಗೆ ಯಾವಾಗಲೂ ಇರುತ್ತದೆ, ನಿರಾಕರಣೆ ಇದ್ದರೂ ಇರುತ್ತದೆ. ಒಡೆತನ ಬಂದ ಮೇಲೆ ಐಕ್ಯಾಕಲ್ಸ್ ಎಂಬ ಇನ್ನೊಂದು ಆದೇಶದಿಂದ ಪಟ್ಟಿಯನ್ನು ತೆರೆದು ನೋಡಿದೆ. ಮೊದಲ ಸಾಲಿನಲ್ಲಿಯೇ ಎವರಿವನ್, ಡಿನೈ, ಪೂರ್ಣ ಅಧಿಕಾರ. ಅದರ ಕೆಳಗೆ 1000 ಎಂದು ಮುಗಿಯುವ ಆ ಸಂಖ್ಯೆಗೆ ಪೂರ್ಣ ಅಧಿಕಾರ. ದೊಡ್ಡಪ್ಪ ತಮಗಾಗಿ ಒಂದು ಸಾಲು ಸೇರಿಸಿಕೊಂಡಿದ್ದರು. ಒಡೆಯರು ಅವರೇ ಆಗಿದ್ದರಿಂದ ಆ ಡಿನೈ ಸಾಲನ್ನು ತೆಗೆದುಹಾಕಿದ್ದರೆ ಅವರಿಗೆ ಬಾಗಿಲು ತೆರೆಯುತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಆ ದಿನಗಳಲ್ಲಿ ನನ್ನನ್ನು ಕೇಳಿದ್ದರೆ ಎಂದು ಈಗಲೂ ಅನ್ನಿಸುತ್ತದೆ.

ಟೇಕ್‌ಓನ್ ಬಗ್ಗೆ ಒಂದು ಎಚ್ಚರಿಕೆ. ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಎಂಬ ಸ್ಲ್ಯಾಶ್ ಆರ್ ಮತ್ತು ಕೇಳುವ ಪ್ರಶ್ನೆಗೆಲ್ಲ ಹೌದು ಎಂಬ ಸ್ಲ್ಯಾಶ್ ಡಿ ವೈ ಸೇರಿಸಿ ಇದನ್ನು ಓಡಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಆ ಹೌದು ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ಯಾರೂ ಹೇಳುವುದಿಲ್ಲ. ಈ ಫೋಲ್ಡರಿನ ಅನುಮತಿಯ ಪಟ್ಟಿಯನ್ನೇ ತೆಗೆದುಹಾಕಿ ನಿಮಗೆ ಪೂರ್ಣ ಅಧಿಕಾರ ಕೊಡುವ ಹೊಸ ಪಟ್ಟಿಯನ್ನು ಹಾಕಲೇ ಎಂಬುದು ಪ್ರಶ್ನೆ. ಸಿ ಡ್ರೈವಿನ ಮೇಲೆ ಹೀಗೆ ಮಾಡಿದರೆ, ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ಹೆಸರಿನಲ್ಲಿ ವಿಂಡೋಸ್ ಕಾಪಾಡಿಕೊಂಡಿದ್ದ ಕಡತಗಳ ವ್ಯವಸ್ಥೆ ಕದಡಿ, ಆ್ಯಪ್‌ಗಳು ಒಂದೊಂದಾಗಿ ಕೈಕೊಡುತ್ತವೆ. ಸಾವಿರಾರು ಪಟ್ಟಿಗಳು ಮೊದಲು ಹೇಗಿದ್ದವು ಎಂದು ಎಲ್ಲಿಯೂ ಬರೆದಿಟ್ಟಿರದಿದ್ದರೆ ಹಿಂದಿರುಗುವ ದಾರಿ ಇರುವುದಿಲ್ಲ, ವಿಂಡೋಸನ್ನೇ ದುರಸ್ತಿ ಮಾಡಬೇಕಾಗುತ್ತದೆ. ಇಡೀ ಡ್ರೈವಿಗೆ ಎವರಿವನ್ ಪೂರ್ಣ ಅಧಿಕಾರ ಕೊಡುವುದೂ ಇಷ್ಟೇ ಕೆಟ್ಟ ಸಲಹೆ. ಯಾವ ಫೋಲ್ಡರ್ ತೆರೆಯುತ್ತಿಲ್ಲವೋ ಅದೊಂದನ್ನೇ ನೋಡಬೇಕು.

ನಕಲಾದ ಡಾಕ್ಯುಮೆಂಟ್ಸ್‌ನಲ್ಲಿ ಹಾಡುಗಳ ಸಾಹಿತ್ಯವೂ ಇತ್ತು. ತೆರೆದರೆ ಸಾಲು ಸಾಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಇದೂ ಬೀಗವೇ ಎಂದು ದೊಡ್ಡಮ್ಮ ಗಾಬರಿಯಾದರು. ಅಲ್ಲ, ದೊಡ್ಡಪ್ಪ ಹಳೆಯ ನುಡಿ ಫಾಂಟ್‌ನಲ್ಲಿ ಬರೆದಿದ್ದರು, ಹೊಸ ಲ್ಯಾಪ್‌ಟಾಪಿನಲ್ಲಿ ಅದು ಇರಲಿಲ್ಲ. ನುಡಿ ಹಾಕಿದ ಕೂಡಲೇ ಕನ್ನಡ ಬಂತು. ಯುನಿಕೋಡ್‌ಗೆ ಬದಲಿಸುವ ಕೆಲಸವನ್ನು ನಾನು ಮತ್ತು ಅಣ್ಣ ಹಂಚಿಕೊಂಡಿದ್ದೇವೆ.

ಮೊದಲು ಕೇಳಿದ ಹಾಡು ದೊಡ್ಡಮ್ಮನೇ ಆರಿಸಿದ್ದು, ಅವರ ಅತ್ತೆ ಹಾಡಿದ್ದು. ಮಧ್ಯದಲ್ಲಿ ಕುಕ್ಕರ್ ಕೂಗುತ್ತದೆ, ದೊಡ್ಡಪ್ಪ ಮೆಲ್ಲಗೆ "ಒಲೆ ಆರಿಸು" ಎನ್ನುತ್ತಾರೆ, ಹಾಡು ನಿಲ್ಲುವುದಿಲ್ಲ. ದೊಡ್ಡಮ್ಮ ಅದನ್ನು ಮೂರು ಸಲ ಹಾಕಿಸಿದರು.

ಹೊಸ ಲ್ಯಾಪ್‌ಟಾಪಿನಲ್ಲಿ ಮಾಡಿಟ್ಟದ್ದು

ಡಿನೈ ಎಂಬುದನ್ನು ಮನೆಯ ಕಂಪ್ಯೂಟರಿನಲ್ಲಿ ಬಳಸುವ ಅಗತ್ಯವೇ ಬರುವುದಿಲ್ಲ. ಮೊಮ್ಮಗನಿಗೆ ಬೇರೆ ಖಾತೆ ತೆರೆದೆ, ಸಾಮಾನ್ಯ ಬಳಕೆದಾರನದು. ಹಾಡುಗಳನ್ನು ದೊಡ್ಡಮ್ಮನ ಖಾತೆಯ ಮ್ಯೂಸಿಕ್ ಫೋಲ್ಡರಿನಲ್ಲಿ ಇಟ್ಟೆ. ಅದು ಅವನಿಗೆ ಕಾಣುವುದೇ ಇಲ್ಲ. ಅವನೂ ಕೇಳಲಿ ಎಂದು ಪಬ್ಲಿಕ್ ಫೋಲ್ಡರಿನಲ್ಲಿ ಇನ್ನೊಂದು ನಕಲು. ಅಲ್ಲಿ ಅಳಿಸಿದರೂ ಮೂಲಕ್ಕೆ ಏನೂ ಆಗದು. ಎಕ್ಸ್‌ಫ್ಯಾಟ್ ಮಾದರಿಯ ಪೆನ್ ಡ್ರೈವಿನಲ್ಲಿ ಮೂರನೆಯ ನಕಲು. ಆ ಮಾದರಿಯಲ್ಲಿ ಅನುಮತಿಯ ಪಟ್ಟಿಯೇ ಇಲ್ಲದ್ದರಿಂದ ಯಾವ ಯಂತ್ರಕ್ಕೆ ಸಿಕ್ಕಿಸಿದರೂ ತೆರೆಯುತ್ತದೆ. ಅದನ್ನು ಅಣ್ಣ ಬೆಂಗಳೂರಿಗೆ ಒಯ್ದ. ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ತಾರೀಖು ಬರೆದು ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದೇವೆ.

ಇನ್ನೊಂದು ಕೆಲಸ ಬಾಕಿ ಇತ್ತು. ಈ ಹೊಸ ಲ್ಯಾಪ್‌ಟಾಪಿನ ಡಿಸ್ಕ್ ಗೂಢಲಿಪಿಯಲ್ಲಿದೆ. ನಾಳೆ ಇದಕ್ಕೂ ಸಿಡಿಲು ಬಡಿದು ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದರೆ, ನಾನು ಮೇಲೆ ಹೇಳಿದ ಯಾವ ಉಪಾಯವೂ ನಡೆಯುವುದಿಲ್ಲ. ಆ ಗೂಢಲಿಪಿಯ ವ್ಯವಸ್ಥೆಯಾದ ಬಿಟ್‌ಲಾಕರ್‌ನ 48 ಅಂಕಿಗಳ ಮರುಪಡೆಯುವ ಕೀಲಿಯೊಂದೇ ದಾರಿ. ಅದನ್ನು ದೊಡ್ಡಮ್ಮ ತಮ್ಮ ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡರು. ಎಂಟು ಗುಂಪು, ಗುಂಪಿಗೆ ಆರು ಅಂಕಿ. ನಂತರ ಫೋನಿನಲ್ಲಿ ಅಣ್ಣನಿಗೆ ಓದಿ ಹೇಳಿದರು, ಅವನು ಬರೆದುಕೊಂಡು ತಿರುಗಿ ಓದಿದ. ನಾಲ್ಕನೆಯ ಗುಂಪಿನಲ್ಲಿ ಒಂದು ಅಂಕಿ ತಪ್ಪಿತ್ತು, ತಿದ್ದಿಸಿದರು.